ಸಹಾಯ ಬೇಕು: ಹಳೇ ಹೆಪ್ಪೋ ಹೊಸದೋ, ಡಾಪ್ಲರ್‌ನಲ್ಲಿ (ರಕ್ತನಾಳದ ಅಲ್ಟ್ರಾಸೌಂಡ್) ಹೇಗೆ ತೀರ್ಮಾನಿಸುತ್ತೀರಿ?

ಹಿಂದೆ ಡಿವಿಟಿ (ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು) ಆಗಿದ್ದ ಕಾಲೇ ಮತ್ತೆ ಊದಿಕೊಂಡಾಗಿನ ಸ್ಕ್ಯಾನ್ ಬಗ್ಗೆ ಅನುಭವಿಗಳ ಸಲಹೆ ಬೇಕು.

ತೊಡೆಸಂದಿಯಿಂದ ಮಂಡಿಯ ಹಿಂಭಾಗದವರೆಗೆ 1–2 ಸೆಂ.ಮೀ.ಗೊಮ್ಮೆ ಪ್ರೋಬ್ ಅಡ್ಡ ಹಿಡಿದು ಒತ್ತುವುದು, ಹೆಪ್ಪಿಲ್ಲದ ನಾಳ ಆಗ ಪೂರ್ತಿ ಮುಚ್ಚಿಕೊಳ್ಳುವುದು ಎಲ್ಲರಿಗೂ ಗೊತ್ತು. ಅಭಿಧಮನಿ ಉಬ್ಬಿ, ಒಳಗೆ ಕಪ್ಪಗಿದ್ದು, ಒತ್ತಿದರೆ ಸ್ಪಂಜಿನಂತೆ ತುಸು ತಗ್ಗಿದರೆ ಹೊಸದು. ಕುಗ್ಗಿ, ಗೋಡೆ ದಪ್ಪಗಾಗಿ, ಬಿಳಿ ಪಟ್ಟಿಗಳು ಅಂಟಿಕೊಂಡಿದ್ದರೆ ಹಳೆಯದು. ತೊಡಕೆಲ್ಲ ಇವೆರಡರ ನಡುವಿನ ಚಿತ್ರಗಳದ್ದು. ಹೊಸದೆಂದು ತಪ್ಪಾಗಿ ಬರೆದರೆ ರೋಗಿಗೆ ಜೀವನಪೂರ್ತಿ ರಕ್ತ ತೆಳುವಾಗಿಸುವ ಮಾತ್ರೆ; ಹೊಸದನ್ನು ಬಿಟ್ಟರೆ ಅದು ಶ್ವಾಸಕೋಶಕ್ಕೆ ಹೋಗಬಹುದು.

ಹಿಂದಿನ ಅಳತೆ ಇದ್ದರೆ ಚಿಂತೆಯಿಲ್ಲ: ಒತ್ತಿದಾಗಿನ ನಾಳದ ವ್ಯಾಸ 4 ಮಿ.ಮೀ. ಅಥವಾ ಹೆಚ್ಚು ಏರಿದ್ದರೆ ಮರುಕಳಿಕೆ, 2ರಿಂದ 4 ಅನುಮಾನ. ಆದರೆ ಬಹುತೇಕ ಹಳೇ ವರದಿಗಳಲ್ಲಿ 'ಭಾಗಶಃ ತೆರೆದಿದೆ' ಎಂದಷ್ಟೇ ಇರುತ್ತದೆ, ಅಳತೆಯೇ ಇರುವುದಿಲ್ಲ!

ಅಂಥವರಲ್ಲಿ ಒಂದು ವಾರದೊಳಗೆ ಮರುಸ್ಕ್ಯಾನ್ ಮಾಡುತ್ತೀರಾ, ಇಲ್ಲ ನೇರವಾಗಿ ಎಂಆರ್‌ಐಗೆ ಕಳಿಸುತ್ತೀರಾ? ದಪ್ಪ ತೊಡೆಗಳ ಅಡಕ್ಟರ್ ಕಾಲುವೆಯಲ್ಲಿ (ತೊಡೆಯ ಒಳಭಾಗದಲ್ಲಿ ನಾಳ ಸ್ನಾಯುಗಳ ನಡುವೆ ಆಳಕ್ಕಿಳಿಯುವ ಜಾಗ) ಹಿಂದಿನಿಂದ ಅಂಗೈ ಕೊಟ್ಟು ಪ್ರೋಬ್‌ನತ್ತ ತಳ್ಳಿ, ಆಳಕ್ಕೆ ಕಾಣುವ ಬಾಗಿದ ಮುಖದ ಕರ್ವಿಲೀನಿಯರ್ ಪ್ರೋಬ್‌ಗೆ ಬದಲಿಸಿದರೂ ನಾಳ ಮುಚ್ಚದಿದ್ದರೆ ಮುಂದೇನು? ಚಿಕಿತ್ಸೆ ಮುಗಿದಾಗ ಅಳತೆ ದಾಖಲಿಸುವ ನಮೂನೆ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹಾಕಿ.