ಸಹಾಯ ಬೇಕು: ಜಾತ್ರೆಯ ಸಿಸಿ ಕ್ಯಾಮೆರಾ ವಿಡಿಯೊ ಯಾರಿಗೆ ಕೊಡಬಹುದು?

ಎಲ್ಲರಿಗೂ ನಮಸ್ಕಾರ. ನಮ್ಮೂರ ಜಾತ್ರೆಗೆ ಈ ಸಲ 8 ಸಿಸಿ ಕ್ಯಾಮೆರಾ ಬಾಡಿಗೆಗೆ ತಂದು ಹಾಕಿಸಿದ್ದೆವು, ಉಸ್ತುವಾರಿ ನನ್ನದು. ತೇರು ಎಳೆಯುವಾಗ ಒಬ್ಬ ಅಜ್ಜಿಯ ಸರ ಕಳುವಾಯಿತು. ವಿಡಿಯೊನ ವಾಟ್ಸಾಪ್ ಗ್ರೂಪಿಗೆ ಹಾಕು, ಕಳ್ಳ ಸಿಕ್ಕೇ ಸಿಗುತ್ತಾನೆ ಅಂತ ಅವರ ಮನೆಯವರು, ಕಮಿಟಿಯವರು ಎಲ್ಲ ಪಟ್ಟು ಹಿಡಿದಿದ್ದಾರೆ. ನಾನು ರಾತ್ರಿಯೆಲ್ಲ ಕೂತು ನೋಡಿದೆ. ಅಜ್ಜಿಯ ಹಿಂದೆ ನೀಲಿ ಅಂಗಿಯ ಹುಡುಗ ನಿಂತಿದ್ದಾನೆ ಅಷ್ಟೇ, ಅವನ ಕೈ ಕೂಡ ಕಾಣುವುದಿಲ್ಲ. ಸುಮ್ನೆ ತೇರು ನೋಡಲು ಬಂದವನಾಗಿದ್ದರೆ ಅವನ ಗತಿ ಏನು?

ಇನ್ನೂ ಜಾಸ್ತಿ ಚಿಂತೆ ಅಂದರೆ, ಕಲ್ಯಾಣಿ ಹತ್ತಿರದ ಕ್ಯಾಮೆರಾದಲ್ಲಿ ಹೆಂಗಸರು ಬಟ್ಟೆ ಬದಲಿಸುವ ಜಾಗದ ಒಂದು ಮೂಲೆ ಬಿದ್ದಿದೆ. ಗೊತ್ತಾದ ಕೂಡಲೇ ಕ್ಯಾಮೆರಾ ತಿರುಗಿಸಿದೆವು, ಆದರೆ ಮೊದಲ ದಿನದ ರೆಕಾರ್ಡಿಂಗ್ ವಿಡಿಯೊ ಉಳಿಸಿಡುವ ಪೆಟ್ಟಿಗೆ, ಅಂದರೆ ಡಿವಿಆರ್‌ನಲ್ಲಿ ಹಾಗೇ ಇದೆ. ಪಾಸ್‌ವರ್ಡ್ ಬದಲಿಸಿದ್ದೇನೆ, ಸರ ಕಳುವಾದ ಬಗ್ಗೆ ಠಾಣೆಗೆ ದೂರೂ ಕೊಟ್ಟಾಗಿದೆ. ವಿಡಿಯೊ ಕೇಳಿಕೊಂಡು ಠಾಣೆಯಿಂದ ಯಾರೂ ಬಂದಿಲ್ಲ. ಸೋಮವಾರ ಡಿವಿಆರ್ ವಾಪಸ್ ಕೊಡಬೇಕು.

ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತೆ ಕಾಯ್ದೆ ಪ್ರಕಾರ ಜನ ಸೇರುವ ಸಂಸ್ಥೆಗಳು 30 ದಿನ ರೆಕಾರ್ಡಿಂಗ್ ಇಡಬೇಕು ಅಲ್ವಾ, ಮೂರು ದಿನದ ಜಾತ್ರೆಗೂ ಅದು ಅನ್ವಯಿಸುತ್ತದಾ? ಸರ ಕಳುವಾದ ಭಾಗ ಮಾತ್ರ ಪೆನ್‌ಡ್ರೈವ್‌ಗೆ ಹಾಕಿ ಪೊಲೀಸರಿಗೆ ಕೊಟ್ಟು, ಕಲ್ಯಾಣಿಯ ರೆಕಾರ್ಡಿಂಗ್ ಅಳಿಸಬಹುದಾ, ಅಥವಾ ಅವರನ್ನು ಕೇಳದೆ ಏನನ್ನೂ ಮುಟ್ಟಬಾರದಾ? ಗೊತ್ತಿರುವವರು ದಯವಿಟ್ಟು ಭಾನುವಾರದೊಳಗೆ ಹೇಳಿ.