ಉಪ್ಪುನೀರಿನ ಟ್ಯಾಂಕ್ ಇಡಬೇಕು, ಹವಳಕ್ಕೆ ತೊಂದರೆ ಆಗಬಾರದು. ಹೇಗೆ?

ರಾಜಾಜಿನಗರ_ಟ್ಯಾಂಕ್

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಸಿಹಿನೀರಿನ ಟ್ಯಾಂಕ್ ಇಟ್ಟಿದ್ದೇನೆ. ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಹೋದಾಗ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಮೊದಲ ಸಲ ನೀರಿನೊಳಗೆ ಇಳಿದೆ. ಹವಳ, ಅದರ ಸುತ್ತ ಗಿಳಿಮೀನು, ಚಿಟ್ಟೆಮೀನು. ಅಂದಿನಿಂದ ಮೆರೈನ್ ಟ್ಯಾಂಕ್ ತಲೆಯಲ್ಲಿ ಕೂತುಬಿಟ್ಟಿದೆ.

ಹೋದ ವಾರ ಒಂದು ಅಂಗಡಿಗೆ ಹೋಗಿದ್ದೆ. "ಒರಿಜಿನಲ್ ಲೈವ್ ರಾಕ್ ಸಾರ್, ರಾಮೇಶ್ವರಂ ಕಡೆ ಮಾಲು, ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡಿಕೊಡ್ತೀನಿ" ಅಂದರು. ಒಂದು ಕಲ್ಲಿನ ಮೇಲೆ ಬೆರಳಿನಷ್ಟು ಹವಳ ಇನ್ನೂ ಜೀವಂತ ಇತ್ತು. ಯಾಕೋ ಮನಸ್ಸು ಒಪ್ಪಲಿಲ್ಲ, ವಾಪಸ್ ಬಂದೆ. 2024ರಲ್ಲಿ ಲಕ್ಷದ್ವೀಪದ ಹವಳ ಬೆಳ್ಳಗಾದ ಸುದ್ದಿ ಓದಿದ ಮೇಲೆ, ಅಲ್ಲಿ ಹೀಗಾಗುತ್ತಿರುವಾಗ ಇಲ್ಲಿ ನಾನು ಗಾಜಿನ ಪೆಟ್ಟಿಗೆಗೆ ಅಂತ ಸಮುದ್ರದಿಂದ ಕೀಳಿಸಿ ತರಿಸಬೇಕಾ ಅನ್ನಿಸುತ್ತಿದೆ. ಈ ಹವ್ಯಾಸ ಇಟ್ಟುಕೊಂಡೇ ಹವಳಕ್ಕೆ ಏನಾದರೂ ಒಳ್ಳೆಯದು ಮಾಡಲು ಆಗುತ್ತಾ? ಅಥವಾ ಮೆರೈನ್ ಆಸೆಯನ್ನೇ ಬಿಡಬೇಕಾ?

ಮೈಸೂರು_ಉಪ್ಪುನೀರು

ವಾಪಸ್ ಬಂದದ್ದು ತುಂಬಾ ಒಳ್ಳೆಯದಾಯಿತು. ಆ ಕಲ್ಲು ಕೊಳ್ಳಲೇಬೇಡಿ. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಸೀ ಫ್ಯಾನ್, ಕಪ್ಪು ಹವಳ, ಕಡಲ್ಗುದುರೆ, ಇವನ್ನೆಲ್ಲ 2001ರಲ್ಲೇ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ಕ್ಕೆ ಸೇರಿಸಿದ್ದಾರೆ. ಹುಲಿ ಇರುವ ಪಟ್ಟಿ ಅದು. ಲೈವ್ ರಾಕ್ ಅಂದರೆ ಬರೀ ಕಲ್ಲಲ್ಲ, ಹೆಚ್ಚಿನ ಪಾಲು ಹಳೆಯ ಹವಳದ ಅಸ್ಥಿಪಂಜರವೇ. ಅದರ ಮೇಲೆಯೇ ಹೊಸ ಹವಳದ ಮರಿ ಬಂದು ಕೂರಬೇಕು. ನಾವು ಕಿತ್ತು ತಂದರೆ ಅದಕ್ಕೆ ಕೂರಲು ಜಾಗವೇ ಇರುವುದಿಲ್ಲ. ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕೆ ಅಂತ ವರ್ಷಗಟ್ಟಲೆ ಹವಳ ಒಡೆದು, ಅಲೆ ತಡೆಯುವ ಗೋಡೆ ಹೋಗಿ, 21 ದ್ವೀಪಗಳಲ್ಲಿ ಎರಡು ನೀರಿನ ಕೆಳಗೆ ಹೋಗಿವೆ.

ನಿಮಗೆ ಬೇಕಾಗಿರುವುದು ಮೀನಿನ ಕೊಳೆಯ ವಿಷ ತೆಗೆಯುವ, ಕಲ್ಲಿನೊಳಗಿನ ಬ್ಯಾಕ್ಟೀರಿಯಾ, ಕಲ್ಲಲ್ಲ. ಸೆರಾಮಿಕ್ ರಾಕ್ ಹಾಕಿ, ಜೊತೆಗೆ ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಹಾಕಿ, ಇಲ್ಲವೇ ಚೆನ್ನಾಗಿ ಓಡುತ್ತಿರುವ ಟ್ಯಾಂಕ್ ಇರುವವರಿಂದ ಒಂದು ಹಿಡಿ ಫಿಲ್ಟರ್ ಮೀಡಿಯಾ ಇಸಿದುಕೊಳ್ಳಿ. ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು (ಇದಕ್ಕೇ ಸೈಕಲ್ ಅನ್ನುವುದು) ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಒಂದು ಮೀನೂ ಬೇಡ.

ಮೀನು ತರುವಾಗ ಒಂದೇ ಪ್ರಶ್ನೆ ಕೇಳಿ, ಇದು ಎಲ್ಲಿಂದ ಬಂತು? ಮರಿ ಮಾಡಿಸಿದ್ದಾ, ಸಮುದ್ರದಲ್ಲಿ ಹಿಡಿದದ್ದಾ? ಉತ್ತರ ಬರದಿದ್ದರೆ ಬಿಟ್ಟು ಬನ್ನಿ. ಫಿಲಿಪೀನ್ಸ್, ಇಂಡೋನೇಷ್ಯಾ ಕಡೆ ಹವಳದ ಸಂದಿಗೆ ಸೈನೈಡ್ ಚಿಮ್ಮಿಸಿ, ಮೀನಿಗೆ ಮಂಪರು ಬರಿಸಿ ಹಿಡಿಯುವುದು ದಶಕಗಳಿಂದ ನಡೆದಿದೆ. ಆ ವಿಷಕ್ಕೆ ಸುತ್ತಲಿನ ಹವಳವೂ ಸಾಯುತ್ತದೆ. ಆ ಮೀನು ಅಂಗಡಿಯಲ್ಲಿ ಚೆನ್ನಾಗಿಯೇ ಕಾಣಬಹುದು, ನೋಡಿ ಹೇಳಲು ಆಗುವುದಿಲ್ಲ. ಕ್ಲೀನರ್ ರಾಸ್ ಅಂತೂ ಬೇಡವೇ ಬೇಡ. ಸಮುದ್ರದಲ್ಲಿ ಅದು ಬೇರೆ ಮೀನಿನ ಮೈಮೇಲಿನ ಪರೋಪಜೀವಿ ತಿಂದು ಬದುಕುವಂಥದ್ದು. ನಮ್ಮ ಟ್ಯಾಂಕಿನಲ್ಲಿ ಬಹಳಷ್ಟು ಹಸಿವಿನಿಂದಲೇ ಸಾಯುತ್ತವೆ.

ಪಣಂಬೂರು_ಕ್ಲೌನ್

ಮೈಸೂರಿನ ಅಣ್ಣ ಹೇಳಿದ್ದು ಸರಿ, ನಾನು ಮರಿ ಮಾಡಿಸುವ ವಿಷಯ ಹೇಳುತ್ತೇನೆ. ಕ್ಲೌನ್ ಫಿಶ್ ಮರಿ ಮಾಡಿಸುವುದನ್ನು ಕೇಂದ್ರ ಸರ್ಕಾರದ ಸಮುದ್ರ ಮೀನು ಸಂಶೋಧನಾ ಸಂಸ್ಥೆಯಾದ ಸಿಎಂಎಫ್‌ಆರ್‌ಐನವರು ವಿಳಿಂಜಂ, ಮಂಡಪಂಗಳಲ್ಲಿ ಯಾವಾಗಲೋ ಸಾಧಿಸಿದ್ದಾರೆ. ಮನೆಯಲ್ಲೂ ಆಗುತ್ತದೆ. ತಾಳ್ಮೆ ಬೇಕು ಅಷ್ಟೆ.

ನನ್ನ ಜೋಡಿ ಮೊಟ್ಟೆ ಇಟ್ಟದ್ದು ಹಳೆ ಮನೆಯ ಮಂಗಳೂರು ಹಂಚಿನ ಚೂರಿನ ಮೇಲೆ. ಮೊದಲು ಕಿತ್ತಳೆ ಬಣ್ಣ ಇರುತ್ತದೆ, ಆಮೇಲೆ ಬೆಳ್ಳಿ ಬಣ್ಣದ ಕಣ್ಣು ಕಾಣುತ್ತವೆ. ಗಂಡು ಊಟ ಬಿಟ್ಟಾದರೂ ರೆಕ್ಕೆಯಲ್ಲಿ ಗಾಳಿ ಬೀಸುತ್ತಾ ಕೂರುತ್ತದೆ. ಏಳೆಂಟನೇ ದಿನ, ರಾತ್ರಿ ಲೈಟ್ ಆರಿಸಿದ ಮೇಲೆ ಮರಿ ಹೊರಬರುತ್ತವೆ. ಅವಕ್ಕೆ ಆರ್ಟೀಮಿಯಾ (ಮೀನುಮರಿಗೆ ಹಾಕುವ ಪುಟ್ಟ ಸೀಗಡಿಯಂಥ ಜೀವಿ) ಕೂಡ ದೊಡ್ಡದು, ಮೊದಲ ದಿನಗಳಲ್ಲಿ ಅದಕ್ಕಿಂತ ಸಣ್ಣ ಜೀವಿ ರೋಟಿಫರ್ ಬೇಕು, ರೋಟಿಫರ್‌ಗೆ ಹಸಿರು ಪಾಚಿ ನೀರು ಬೇಕು, ಹಾಗಾಗಿ ಮೊಟ್ಟೆ ಬರುವ ಮೊದಲೇ ಬಕೆಟ್‌ನಲ್ಲಿ ಅದನ್ನು ಬೆಳೆಸಿ ಇಟ್ಟುಕೊಂಡಿರಬೇಕು. ನನ್ನ ಮೊದಲ ಎರಡು ಸಲದ ಮರಿಗಳು ಪೂರ್ತಿ ಸತ್ತವು, ಬಹಳ ಬೇಸರವಾಯಿತು. ಮೂರನೇ ಸಲ ಉಳಿದ ಮರಿಗಳನ್ನು ಗೆಳೆಯರಿಗೆ ಕೊಟ್ಟೆ. ಅಷ್ಟು ಜನ ಸಮುದ್ರದ ಮೀನು ಕೊಳ್ಳಲಿಲ್ಲ, ನನಗೆ ಅದೇ ಸಾಕು.

ಇನ್ನೊಂದು, ಅನೆಮೋನೆ (ಕ್ಲೌನ್ ಆಸರೆ ಪಡೆಯುವ, ಹೂವಿನಂತೆ ಕಾಣುವ ಸಮುದ್ರಜೀವಿ) ಕೊಳ್ಳಬೇಡಿ. ಟ್ಯಾಂಕಿನಲ್ಲಿ ಅದಿಲ್ಲದೆಯೂ ಕ್ಲೌನ್ ಚೆನ್ನಾಗಿ ಬದುಕುತ್ತದೆ. ಸಮುದ್ರದಲ್ಲಿ ಮಾತ್ರ ಅದಿಲ್ಲದೆ ಬದುಕುವುದಿಲ್ಲ. ಒಂದು ಅನೆಮೋನೆ ಕಿತ್ತರೆ ಅಲ್ಲಿ ಒಂದು ಸಂಸಾರದ ಮನೆ ಹೋದ ಹಾಗೆ.

ಟ್ಯಾಂಪಾ_ಕನ್ನಡಿಗ

ನಾನು ಫ್ಲೋರಿಡಾದಲ್ಲಿದ್ದೇನೆ. ಇಲ್ಲಿ ಕೆನ್ ನೆಡಿಮೈಯರ್ ಅಂತ ಒಬ್ಬರಿದ್ದಾರೆ, ಅಕ್ವೇರಿಯಂ ವ್ಯಾಪಾರಕ್ಕೆ ಮೀನು ಹಿಡಿಯುತ್ತಾ, ಸಮುದ್ರದ ತಳದಲ್ಲಿ ಕಲ್ಲು ಇಟ್ಟು ಲೈವ್ ರಾಕ್ ಬೆಳೆಸುತ್ತಿದ್ದವರು. ಆ ಕಲ್ಲಿನ ಮೇಲೆ ಸ್ಟ್ಯಾಗ್‌ಹಾರ್ನ್ ಹವಳ ತಾನಾಗಿ ಬಂದು ಕೂತಿತು. ಅವರು, ಅವರ ಮಗಳು ಸೇರಿ ಅದನ್ನು ತುಂಡು ಮಾಡಿ ಬೆಳೆಸಿ, ಸತ್ತ ದಿಬ್ಬದ ಮೇಲೆ ನೆಟ್ಟರು. 2007ರಲ್ಲಿ ಅದೇ ಕೋರಲ್ ರೆಸ್ಟೋರೇಷನ್ ಫೌಂಡೇಶನ್ ಆಯಿತು. 2014ರಲ್ಲಿ ಮಯಾಮಿ ಹತ್ತಿರ ಹವಳಕ್ಕೆ ಒಂದು ಭಯಂಕರ ರೋಗ ಶುರುವಾಯಿತು. ಅದು ಹಬ್ಬುವ ಮೊದಲೇ ಒಳ್ಳೆಯ ಹವಳಗಳನ್ನು ತೆಗೆದು ದೇಶದ ಬೇರೆ ಬೇರೆ ಅಕ್ವೇರಿಯಂಗಳಲ್ಲಿ ಸಾಕುತ್ತಿದ್ದಾರೆ. ಲೈಟ್ ಎಷ್ಟು, ನೀರಿನ ಓಟ ಎಷ್ಟು, ಕ್ಯಾಲ್ಸಿಯಂ ಎಷ್ಟು ಅನ್ನುವ ಹದ ಎಷ್ಟೋ ಹವ್ಯಾಸಿಗಳು ಮನೆಯಲ್ಲಿ ಕಲಿತು ಹಂಚಿಕೊಂಡದ್ದು.

ಆದರೆ ಹಾನಿ ಮಾಡಿದ್ದೂ ಹವ್ಯಾಸಿಗಳೇ. ಲಯನ್ ಫಿಶ್ ಈ ಕಡಲಿನದಲ್ಲ. 1985ರಲ್ಲಿ ಫ್ಲೋರಿಡಾದಲ್ಲಿ ಮೊದಲು ಕಾಣಿಸಿಕೊಂಡಿತು. ಸಾಕಿದವರು ಬಿಟ್ಟ ಮೀನಿನಿಂದಲೇ ಬಂದಿರಬೇಕು ಎನ್ನುತ್ತಾರೆ. ಈಗ ಕೆರಿಬಿಯನ್ ತುಂಬಾ ಇದೆ, ಅಲ್ಲಿನ ಸಣ್ಣ ಮೀನುಗಳನ್ನು ನುಂಗಿ ಹಾಕುತ್ತಿದೆ. ಸಾಕಲು ಆಗದಿದ್ದರೆ ಬೇರೆ ಹವ್ಯಾಸಿಗೆ ಕೊಡಿ. ಸಮುದ್ರಕ್ಕೋ ಕೆರೆಗೋ ದಯವಿಟ್ಟು ಬಿಡಬೇಡಿ.

ಹೊನ್ನಾವರ_ಡೈವರ್

ಇಷ್ಟೆಲ್ಲ ಓದಿದೆ, ಒಂದು ಮಾತು ಸೇರಿಸಬೇಕು. ಹವಳ ಬೆಳ್ಳಗಾಗುವುದು ಅಕ್ವೇರಿಯಂನಿಂದಲ್ಲ, ನೀರು ಬಿಸಿಯಾಗುವುದರಿಂದ. ಬಿಸಿ ತಡೆಯದೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ, ಬಣ್ಣವೂ ಅದೇ, ಅನ್ನವೂ ಅದೇ. ಟ್ಯಾಂಕ್ ಎಷ್ಟು ಚೆನ್ನಾಗಿಟ್ಟರೂ ಲಕ್ಷದ್ವೀಪದ ನೀರು ತಣ್ಣಗಾಗುವುದಿಲ್ಲ ಅಲ್ವಾ? ಹಾಗಾಗಿ ಟ್ಯಾಂಕ್ ಚಿಕ್ಕದಿರಲಿ, ನೀರು ತಣ್ಣಗಿಡುವ ಚಿಲ್ಲರ್, ಲೈಟ್ ಅಂತ ಕರೆಂಟ್ ಸುಮ್ನೆ ಸುಡಬೇಡಿ. ನೇತ್ರಾಣಿಗೆ ಮತ್ತೆ ಬಂದಾಗ ಹವಳದ ಮೇಲೆ ನಿಲ್ಲಬೇಡಿ, ಮುಟ್ಟಬೇಡಿ. ಫೋಟೋ ತೆಗೆದು ತಾರೀಖು, ಜಾಗದ ಸಮೇತ, ಜೀವಿಗಳ ಫೋಟೋ ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕಿ. ಟ್ಯಾಂಕ್ ಇಟ್ಟವರು ಮೀನು ಗುರುತಿಸುವುದರಲ್ಲಿ ಚುರುಕು, ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ರಾಜಾಜಿನಗರ_ಟ್ಯಾಂಕ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡಡಿ ಟ್ಯಾಂಕ್, ಸೆರಾಮಿಕ್ ರಾಕ್, ಒಂದು ಜೋಡಿ ಕ್ಲೌನ್, ಇಷ್ಟೇ ಅಂತ ಮನೆಯಲ್ಲಿ ಮಾತಾಡಿ ಆಯಿತು. ಪಣಂಬೂರಿನವರೇ, ಸೈಕಲ್ ಮುಗಿದ ಮೇಲೆ ನಿಮ್ಮ ಹತ್ತಿರ ಒಂದು ಜೋಡಿ ಮರಿ ಸಿಗುತ್ತಾ?

ಪಣಂಬೂರು_ಕ್ಲೌನ್

ಖಂಡಿತ ಬನ್ನಿ. ಈಗ ಬೆರಳಿನುಗುರಿನಷ್ಟಿವೆ, ನೀವು ಬರುವಷ್ಟರಲ್ಲಿ ಸ್ವಲ್ಪ ದೊಡ್ಡದಾಗಿರುತ್ತವೆ. ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ ಕೊಡುತ್ತೇನೆ. ದೊಡ್ಡದು ಹೆಣ್ಣಾಗುತ್ತದೆ. ಹಂಚಿನ ಚೂರೂ ಕೊಡುತ್ತೇನೆ. ಅಮೋನಿಯಾ ಟೆಸ್ಟ್ ಮಾಡಿದ ಫೋಟೋ ಮಾತ್ರ ಮೊದಲು ಕಳಿಸಿ.