ನಲ್ಲಿ ಬಂತು, ನೀರು ಯಾರ ಹೊಣೆ? ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಗ್ರಾಮ ಪಂಚಾಯಿತಿ ಸದಸ್ಯರು, ಚಿಕ್ಕಬಳ್ಳಾಪುರ ಜಿಲ್ಲೆ): ಸರ್, ಜಲ ಜೀವನ್ ಮಿಷನ್ ಅಡಿಯಲ್ಲಿ ನಮ್ಮೂರಿನ ಎಲ್ಲ ಮನೆಗಳಿಗೂ ನಲ್ಲಿ ಹಾಕಿದ್ದಾರೆ. ಆದರೆ ಬೇಸಿಗೆ ಬಂದರೆ ನೀರು ನಾಲ್ಕೈದು ದಿನಕ್ಕೊಮ್ಮೆ ಮಾತ್ರ ಬರುತ್ತದೆ. ಯೋಜನೆ ಕೇಂದ್ರದ್ದು, ಕಾಮಗಾರಿ ರಾಜ್ಯದ್ದು, ಬೈಗುಳ ಮಾತ್ರ ಪಂಚಾಯಿತಿಗೆ. ದೆಹಲಿಯ ಇಲಾಖೆಯ ಕೆಲಸ ನಿಜವಾಗಿ ಯಾವುದು? ಅದರ ಮುಂದಿನ ಆದ್ಯತೆಗಳೇನು?

ಉತ್ತರ (ಗ್ರಾಮೀಣ ನೀರು ಸರಬರಾಜು ಎಂಜಿನಿಯರ್): ಯಾರ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಮೊದಲು ಬಿಡಿಸಿಕೊಳ್ಳೋಣ. ಸಂವಿಧಾನದ ಪ್ರಕಾರ ನೀರು ಸರಬರಾಜು ರಾಜ್ಯಪಟ್ಟಿಯ ವಿಷಯ. ಕುಡಿಯುವ ನೀರು ಹನ್ನೊಂದನೇ ಅನುಸೂಚಿಯಲ್ಲಿಯೂ ಇದೆ, ಅಂದರೆ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯ. ಆದ್ದರಿಂದ 2019ರಲ್ಲಿ ರಚನೆಯಾದ ಜಲಶಕ್ತಿ ಸಚಿವಾಲಯದ ಅಡಿಯಲ್ಲಿರುವ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ ಯಾವ ಊರಿನಲ್ಲಿಯೂ ತಾನೇ ಪೈಪು ಹೂಳುವುದಿಲ್ಲ. ಅದು ಗುರಿಗಳನ್ನೂ ಮಾನದಂಡಗಳನ್ನೂ ನಿಗದಿಪಡಿಸುತ್ತದೆ, ಹಣದ ಪಾಲು ಕೊಡುತ್ತದೆ, ರಾಜ್ಯಗಳು ತೋರಿಸುವ ಪ್ರಗತಿಯನ್ನು ಪರಿಶೀಲಿಸುತ್ತದೆ. ಕರ್ನಾಟಕಕ್ಕೆ ಈ ಪಾಲು ಅರ್ಧಕ್ಕರ್ಧ. ಈಶಾನ್ಯ ಮತ್ತು ಹಿಮಾಲಯ ರಾಜ್ಯಗಳಿಗೆ ಕೇಂದ್ರವೇ ಶೇ 90ರಷ್ಟು ಭರಿಸುತ್ತದೆ. ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ನಡೆದದ್ದು ಇದೇ ಯೋಜನೆ.

ಈ ಇಲಾಖೆಯ ಕಾರ್ಯತಂತ್ರದಲ್ಲಿ ಆದ ದೊಡ್ಡ ಬದಲಾವಣೆ ಅಳತೆಯದು. ಹಿಂದೆ ಜನವಸತಿಯನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಊರಿನಲ್ಲೊಂದು ಕೈಪಂಪೋ ಸಾರ್ವಜನಿಕ ನಲ್ಲಿಯೋ ಇದ್ದರೆ ಇಡೀ ಊರಿಗೆ ನೀರು ಸಿಕ್ಕಿತೆಂದು ಕಡತದಲ್ಲಿ ಸೇರುತ್ತಿತ್ತು. ಊರ ಕೊನೆಯ ಕೇರಿಯ ಹೆಣ್ಣುಮಕ್ಕಳು ಎಷ್ಟು ದೂರ ಕೊಡ ಹೊರುತ್ತಾರೆಂಬುದು ಆ ಲೆಕ್ಕಕ್ಕೆ ಕಾಣಿಸುತ್ತಿರಲಿಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಮಿಷನ್ ಮನೆಯನ್ನೇ ಲೆಕ್ಕಕ್ಕೆ ಹಿಡಿಯಿತು. ಆಗ ಗ್ರಾಮೀಣ ಭಾರತದಲ್ಲಿ ನಲ್ಲಿ ಇದ್ದದ್ದು 3.23 ಕೋಟಿ ಮನೆಗಳಿಗೆ, ಅಂದರೆ ನೂರರಲ್ಲಿ ಹದಿನೇಳು ಮನೆಗಳಿಗೆ ಮಾತ್ರ. 2025ರ ಆರಂಭದ ಹೊತ್ತಿಗೆ ಆ ಸಂಖ್ಯೆ 15 ಕೋಟಿ ದಾಟಿತ್ತು. ಇದು ಸಣ್ಣ ಸಾಧನೆಯಲ್ಲ ಎಂದು ನಾನು ಒತ್ತಿ ಹೇಳುತ್ತೇನೆ.

ಆದರೆ ಮಾರ್ಗಸೂಚಿಯ ಪ್ರಕಾರ ‘ಕಾರ್ಯಶೀಲ ನಲ್ಲಿ’ ಎಂದರೆ ಗೋಡೆಗೆ ಕೂರಿಸಿದ ನಲ್ಲಿಯಲ್ಲ. ತಲಾ ದಿನಕ್ಕೆ ಕನಿಷ್ಠ 55 ಲೀಟರ್, ನಿಗದಿತ ಗುಣಮಟ್ಟದಲ್ಲಿ, ದೀರ್ಘಕಾಲ, ನಿಯಮಿತವಾಗಿ ಬರಬೇಕು. 2024ಕ್ಕೆ ಮುಗಿಯಬೇಕಿದ್ದ ಮಿಷನ್ ಅನ್ನು 2028ರವರೆಗೆ ವಿಸ್ತರಿಸುವುದಾಗಿ 2025ರ ಕೇಂದ್ರ ಬಜೆಟ್ ಘೋಷಿಸಿದಾಗ, ಕಾಮಗಾರಿಯ ಗುಣಮಟ್ಟಕ್ಕೂ ಜನರ ಪಾಲ್ಗೊಳ್ಳುವಿಕೆಯೊಂದಿಗೆ ನಡೆಯುವ ನಿರ್ವಹಣೆಗೂ ಒತ್ತು ಕೊಡುವುದಾಗಿ ಹೇಳಿತು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಅದೇ: ಇನ್ನು ಮುಂದಿನ ಆದ್ಯತೆ ಸಂಪರ್ಕವಲ್ಲ, ಸೇವೆ.

ನಿಮ್ಮೂರಿನ ಸೇವೆಯನ್ನು ನೀವೇ ಅಳೆಯಬಹುದು. ಬೇಸಿಗೆಯಲ್ಲಿ ಒಂದು ದಿನ, ಪಂಪು ಕೆಲವು ಗಂಟೆ ಓಡಿದ ಮೇಲೆ, ಕೊಳವೆ ಬಾವಿಯ ನೀರನ್ನು 200 ಲೀಟರಿನ ಡ್ರಮ್ಮಿಗೆ ಬಿಟ್ಟು ತುಂಬುವ ಸಮಯ ನೋಡಿ. ನಾಲ್ಕು ನಿಮಿಷ ಬೇಕಾದರೆ ಗಂಟೆಗೆ 3,000 ಲೀಟರ್ ಆಯಿತು. ಸಾವಿರ ಜನರ ಊರಿಗೆ ದಿನಕ್ಕೆ 55,000 ಲೀಟರ್ ಬೇಕು. ಸೋರಿಕೆಯನ್ನು ಬಿಟ್ಟರೂ ಪಂಪು ಹದಿನೆಂಟು ಗಂಟೆಗಿಂತ ಹೆಚ್ಚು ಓಡಬೇಕು. ಅಷ್ಟು ಹೊತ್ತು ಕರೆಂಟೂ ಇರುವುದಿಲ್ಲ, ಬಾವಿಯೂ ತಡೆಯುವುದಿಲ್ಲ. ಅಂಥ ಕಡೆ ನೀರುಗಂಟಿಯನ್ನು ದೂರಿ ಪ್ರಯೋಜನವಿಲ್ಲ. ಕೊರತೆ ಇರುವುದು ಜಲಮೂಲದಲ್ಲಿ. ಕೆರೆಯ ಹೂಳು, ಮುಚ್ಚಿಹೋದ ರಾಜಕಾಲುವೆ, ಬಾವಿಯ ಸುತ್ತ ಮಳೆನೀರು ಇಂಗಿಸುವ ವ್ಯವಸ್ಥೆ, ಕೊನೆಗೆ ಒಂದೇ ಮೂಲದಿಂದ ಹಲವು ಊರುಗಳಿಗೆ ನೀರು ಕೊಡುವ ಬಹುಗ್ರಾಮ ಯೋಜನೆ, ಈ ಕ್ರಮದಲ್ಲಿ ಯೋಚಿಸಬೇಕು.

ನಿಮ್ಮ ಕೈಯಲ್ಲಿರುವ ದೊಡ್ಡ ಅಧಿಕಾರವೊಂದನ್ನು ಮರೆಯಬೇಡಿ. ಊರನ್ನು ‘ಹರ್ ಘರ್ ಜಲ್’ (ಪ್ರತಿ ಮನೆಗೂ ನಲ್ಲಿ ನೀರು ತಲುಪಿದ) ಗ್ರಾಮವೆಂದು ದೃಢೀಕರಿಸಲು ಗ್ರಾಮಸಭೆಯ ನಿರ್ಣಯ ಬೇಕೇಬೇಕು. ಡ್ರಮ್ಮಿನ ಲೆಕ್ಕ ಮತ್ತು ನೀರಿನ ಪರೀಕ್ಷಾ ವರದಿಯನ್ನು ಸಭೆಯಲ್ಲಿ ಓದಿಸದೆ ಆ ನಿರ್ಣಯಕ್ಕೆ ಒಪ್ಪಬೇಡಿ. ನಿರ್ಣಯ ಈಗಾಗಲೇ ಆಗಿದ್ದರೆ, ಬೇಸಿಗೆಯ ಸ್ಥಿತಿಯನ್ನು ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೂಲಕ ಜಿಲ್ಲಾ ಪಂಚಾಯಿತಿಗೆ ಕಳುಹಿಸಿ.

ಅದೇ ಸದಸ್ಯರು: ನಿರ್ವಹಣೆಗೆ ಹಣ ಎಲ್ಲಿಂದ ತರುವುದು ಸರ್? ಮೋಟಾರು ಸುಟ್ಟರೆ ರಿವೈಂಡಿಂಗ್‌ಗೂ ಪರದಾಡುತ್ತೇವೆ.

ಉತ್ತರ: 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗೆ ಗ್ರಾಮೀಣ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದರ ಜೊತೆಗೆ ನೀರಿನ ಕರ ವಸೂಲಾಗಲೇಬೇಕು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂಬ ನಿಯಮವಿದೆ. ಆ ಸಮಿತಿಯೇ ಕುಳಿತು ವಿದ್ಯುತ್ ಬಿಲ್, ನೀರುಗಂಟಿಯ ಸಂಬಳ, ದುರಸ್ತಿ, ಬ್ಲೀಚಿಂಗ್ ಪೌಡರ್ ಇವುಗಳ ಖರ್ಚನ್ನು ಪಂಚಾಯಿತಿ ಕಚೇರಿಯ ಬೋರ್ಡಿನ ಮೇಲೆ ಬರೆದು ದರ ನಿಗದಿಪಡಿಸಿದರೆ ಜನ ಕೊಡುತ್ತಾರೆ. ಲೆಕ್ಕ ತೋರಿಸದೆ ಕೇಳಿದರೆ ಯಾರೂ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ಪ್ರಶ್ನೆ (ಸ್ವಸಹಾಯ ಸಂಘದ ಸದಸ್ಯೆ, ಪಾವಗಡ): ನಮಗೆ ನೀರು ಪರೀಕ್ಷಿಸುವ ಕಿಟ್ ಕೊಟ್ಟು ತರಬೇತಿ ನೀಡಿದ್ದಾರೆ. ಫ್ಲೋರೈಡ್ ಬಣ್ಣ 1.5ಕ್ಕಿಂತ ಮೇಲೆ ತೋರಿಸಿತು. ಕುದಿಸಿ ಕುಡಿಯಿರಿ ಎಂದು ಕೆಲವರು ಹೇಳುತ್ತಿದ್ದಾರೆ. ಸರಿಯೇ?

ಉತ್ತರ: ಸರಿಯಲ್ಲ ತಾಯಿ, ದಯವಿಟ್ಟು ಇದನ್ನು ಎಲ್ಲರಿಗೂ ತಿಳಿಸಿ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ಮೂಲವೇ ಇಲ್ಲದಿದ್ದಾಗ 1.5ರವರೆಗೆ ಅನುಮತಿ. ಅದಕ್ಕಿಂತ ಮೇಲಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಪ್ರಮಾಣ ಹೆಚ್ಚಿದಂತೆ ಮೂಳೆ ಮತ್ತು ಕೀಲುಗಳಿಗೂ ಪೆಟ್ಟು ಬೀಳುತ್ತದೆ.

ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ಈ ತರಬೇತಿ ನೀಡುವುದು ಇಲಾಖೆಯ ಅತ್ಯಂತ ವಿವೇಕದ ತೀರ್ಮಾನಗಳಲ್ಲೊಂದು ಎಂದು ನನ್ನ ಅಭಿಪ್ರಾಯ. ಆದರೆ ಕಿಟ್ ಸೂಚನೆ ಮಾತ್ರ ಕೊಡುತ್ತದೆ, ಅಂತಿಮ ತೀರ್ಪನ್ನಲ್ಲ. ಅದೇ ಮೂಲದ ನೀರನ್ನು ಶುದ್ಧ ಬಾಟಲಿಯಲ್ಲಿ ಹಿಡಿದು, ಸ್ಥಳ ಮತ್ತು ದಿನಾಂಕ ಬರೆದು, ಜಿಲ್ಲಾ ಅಥವಾ ತಾಲ್ಲೂಕು ಪ್ರಯೋಗಾಲಯಕ್ಕೆ ಕಳುಹಿಸಿ, ಲಿಖಿತ ವರದಿ ಕೇಳಿ. ವರದಿ ಬರುವವರೆಗೆ ಕುಡಿಯಲು ಮತ್ತು ಅಡುಗೆಗೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಿ. ಸ್ನಾನಕ್ಕೆ, ಬಟ್ಟೆ ಪಾತ್ರೆಗೆ ನಲ್ಲಿ ನೀರು ಸಾಕು.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ನಲ್ಲಿ ಬಂದ ಮೇಲೆ ಬಚ್ಚಲು ನೀರು ಬೀದಿಯಲ್ಲೇ ಹರಿಯುತ್ತಿದೆ. ಇದೂ ಅದೇ ಇಲಾಖೆಗೆ ಬರುತ್ತದೆಯೇ?

ಉತ್ತರ: ಬರುತ್ತದೆ. 2014ರಲ್ಲಿ ಶುರುವಾದ ಸ್ವಚ್ಛ ಭಾರತ ಮಿಷನ್ (ಗ್ರಾಮೀಣ) ಇದೇ ಇಲಾಖೆಯದು. 2020ರಲ್ಲಿ ಆರಂಭವಾದ ಅದರ ಎರಡನೇ ಹಂತದಲ್ಲಿ ಶೌಚಾಲಯದ ಜೊತೆಗೆ ಕಸ ಮತ್ತು ಬೂದು ನೀರಿನ (ಬಚ್ಚಲು, ಅಡುಗೆಮನೆಯಿಂದ ಹೊರಬರುವ ಬಳಸಿದ ನೀರಿನ) ನಿರ್ವಹಣೆಯೂ ಸೇರಿದೆ. ಮನೆಗೆ ಬಂದ ನೀರಿನ ಬಹುಪಾಲು ಬಳಕೆಯಾಗಿ ಹೊರಗೆ ಬರುವುದರಿಂದ ಎರಡು ಯೋಜನೆಗಳನ್ನೂ ಒಟ್ಟಿಗೆ ರೂಪಿಸಬೇಕಿತ್ತು. ಅನೇಕ ಊರುಗಳಲ್ಲಿ ಹಾಗಾಗಲಿಲ್ಲ. ಹಿತ್ತಿಲಿನಲ್ಲಿ ಜಾಗವಿರುವ ಮನೆಗಳಿಗೆ ಬಚ್ಚಲು ಗುಂಡಿ ತೋಡಿಸಿ, ಜಾಗವಿಲ್ಲದ ಕೇರಿಗಳಿಗೆ ಚರಂಡಿಯ ಕೊನೆಯಲ್ಲಿ ಸಮುದಾಯ ಇಂಗುಗುಂಡಿ ಮಾಡಿಸಿ. ಕುಡಿಯುವ ನೀರಿನ ಬಾವಿಯ ಹತ್ತಿರ ಮಾತ್ರ ಬೇಡ.